ಮರುಭೂಮಿಯ ಪಂಚಾಂಗ: ಫೀನಿಕ್ಸ್ ನಗರದ ಋತುಗಳ ಇತಿಹಾಸ

ಮರುಭೂಮಿ ಎಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಸುಡುವ ಮರಳು, ಬರಿದಾದ ಬಾನು, ಎಂದಿಗೂ ಬದಲಾಗದ ಬಿಸಿಲು. ಅಲ್ಲಿ ಋತುಗಳೇ ಇಲ್ಲವೆಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಆದರೆ ಅಮೆರಿಕದ ನೈಋತ್ಯ ಭಾಗದಲ್ಲಿರುವ ಅರಿಜೋನಾ ರಾಜ್ಯದ ರಾಜಧಾನಿ ಫೀನಿಕ್ಸ್ ನಗರದ ಇತಿಹಾಸವನ್ನು ಓದಿದವರಿಗೆ ಈ ಭಾವನೆ ಎಷ್ಟು ತಪ್ಪೆಂಬುದು ಮನವರಿಕೆಯಾಗುತ್ತದೆ. ಈ ನಗರ ಹುಟ್ಟಿದ್ದು ನೀರಿನಿಂದ, ಬೆಳೆದದ್ದು ಚಳಿಗಾಲದಿಂದ. ಇಂದು ಅದು ಸಂಕಟಪಡುತ್ತಿರುವುದು ಬೇಸಗೆಯಿಂದ. ಹೀಗೆ ಋತುಗಳೇ ಬರೆದ ಇತಿಹಾಸವೊಂದು ಅಲ್ಲಿದೆ.

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ದೂರದ ವಿಷಯವಲ್ಲ. ಗ್ರ್ಯಾಂಡ್ ಕ್ಯಾನಿಯನ್ನಿನ ದರ್ಶನಕ್ಕೆ ಹೊರಟ ಕುಟುಂಬಗಳಲ್ಲಿ ಅನೇಕವು ವಿಮಾನದಿಂದ ಇಳಿಯುವುದು ಫೀನಿಕ್ಸಿನಲ್ಲಿ. ಮಕ್ಕಳ ಶಾಲೆಗೆ ರಜೆ ಇರುವುದು ಜೂನ್‌ನಿಂದ ಆಗಸ್ಟ್‌ವರೆಗೆ. ಊರಿನಿಂದ ತಂದೆತಾಯಿಗಳು ಬಂದಿಳಿಯುವುದೂ ಬಹುಪಾಲು ಆಗಲೇ. ಆದ್ದರಿಂದ ವರ್ಷದ ಅತ್ಯಂತ ಕಠಿಣ ಕಾಲದಲ್ಲಿ, ವಯಸ್ಸಾದವರನ್ನೂ ಎಳೆಯರನ್ನೂ ಕರೆದುಕೊಂಡು ಮರುಭೂಮಿಗೆ ಕಾಲಿಡುವವರಲ್ಲಿ ನಾವೂ ಇದ್ದೇವೆ. ಎಲ್ಲಿಗೆ ಹೋಗಬೇಕೆಂದು ಯೋಚಿಸುವಷ್ಟು ಶ್ರದ್ಧೆಯಿಂದ ಯಾವಾಗ ಹೋಗಬೇಕೆಂದು ನಾವು ಯೋಚಿಸುವುದಿಲ್ಲ. ಆ ನಗರದಲ್ಲಿ ಹಿಂದೆ ಬಾಳಿದವರು ಈ ಎರಡನೆಯ ಪ್ರಶ್ನೆಯನ್ನೇ ಮೊದಲು ಕೇಳುತ್ತಿದ್ದರು.

ಐದು ಋತುಗಳ ನಾಡು

ಫೀನಿಕ್ಸ್ ಇರುವುದು ಸೊನೋರಾ ಮರುಭೂಮಿಯಲ್ಲಿ, ಸಾಲ್ಟ್ ನದಿಯ ಕಣಿವೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 1100 ಅಡಿ ಎತ್ತರದಲ್ಲಿ. ಇಡೀ ವರ್ಷದಲ್ಲಿ ಅಲ್ಲಿ ಬೀಳುವ ಮಳೆ ಸರಾಸರಿ ಏಳು ಅಂಗುಲಕ್ಕಿಂತ ತುಸು ಹೆಚ್ಚು, ಅಷ್ಟೆ. ಈ ಅಲ್ಪ ಮಳೆಯೂ ಎರಡು ಕಂತುಗಳಲ್ಲಿ ಬರುವುದು ಗಮನಾರ್ಹ. ಚಳಿಗಾಲದಲ್ಲಿ ಪೆಸಿಫಿಕ್ ಸಾಗರದ ಕಡೆಯಿಂದ ಬರುವ ಮೋಡಗಳು ಮೆಲ್ಲಗೆ, ಬಹಳ ಹೊತ್ತು, ವಿಶಾಲವಾದ ಪ್ರದೇಶದ ಮೇಲೆ ಸುರಿಯುತ್ತವೆ. ಬೇಸಗೆಯ ಕೊನೆಯಲ್ಲಿ ದಕ್ಷಿಣದಿಂದ ಬರುವ ಮೋಡಗಳಾದರೋ ಗುಡುಗು ಸಿಡಿಲಿನೊಡನೆ, ಒಂದು ಕೇರಿಯನ್ನು ತೋಯಿಸಿ ಪಕ್ಕದ ಕೇರಿಯನ್ನು ಒಣಗಿಸಿ, ಅರ್ಧ ಗಂಟೆಯಲ್ಲಿ ಮಾಯವಾಗುತ್ತವೆ. ಮುಂಗಾರು ಹಿಂಗಾರುಗಳ ನಾಡಿನಿಂದ ಬಂದ ನಮಗೆ ವರ್ಷವನ್ನು ಎರಡು ಮಳೆಗಳಿಂದ ಅಳೆಯುವ ಈ ಕ್ರಮ ಅಪರಿಚಿತವೇನಲ್ಲ.

ಎರಡು ಮಳೆಗಾಲಗಳಿರುವುದರಿಂದ ಈ ಮರುಭೂಮಿಗೆ ನಾಲ್ಕಲ್ಲ, ಐದು ಋತುಗಳಿವೆಯೆಂದು ನಿಸರ್ಗವನ್ನು ಬಲ್ಲವರು ಎಣಿಸುತ್ತಾರೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ವಸಂತ. ಮೇ ಮತ್ತು ಜೂನ್ ತಿಂಗಳುಗಳು ಒಣಬೇಸಗೆ. ಜುಲೈನಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಳೆಬೇಸಗೆ. ಅಕ್ಟೋಬರ್, ನವೆಂಬರ್ ಶರತ್ಕಾಲ. ಡಿಸೆಂಬರ್, ಜನವರಿ ಚಳಿಗಾಲ. 1991ರಿಂದ 2020ರವರೆಗಿನ ಸರಾಸರಿಯನ್ನು ನೋಡಿದರೆ ಜನವರಿಯ ಹಗಲಿನ ಗರಿಷ್ಠ ಉಷ್ಣತೆ ಸುಮಾರು 68 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 20 ಡಿಗ್ರಿ ಸೆಲ್ಸಿಯಸ್. ಜುಲೈಯಲ್ಲಿ ಅದು 106 ಡಿಗ್ರಿಯನ್ನು ಮೀರುತ್ತದೆ, ಅಂದರೆ 41 ಸೆಲ್ಸಿಯಸ್. ವರ್ಷದಲ್ಲಿ ಸುಮಾರು 111 ದಿನ ಪಾದರಸವು 100 ಡಿಗ್ರಿಯನ್ನು ಮುಟ್ಟುತ್ತದೆ. ಒಂದೇ ಊರು, ಎರಡು ಲೋಕ!

ಅರಿಜೋನಾದ ಜನ ಜುಲೈ ತಿಂಗಳ ಮಳೆಯನ್ನು ‘ಮಾನ್ಸೂನ್’ ಎಂದೇ ಕರೆಯುತ್ತಾರೆ. ಇದು ಬರಿಯ ಅಲಂಕಾರದ ಮಾತಲ್ಲ. ಋತು ಎಂಬ ಅರ್ಥದ ಅರಬ್ಬೀ ಪದದಿಂದ ಬಂದ ಈ ಹೆಸರಿಗೆ ವಿಜ್ಞಾನದಲ್ಲಿರುವ ಲಕ್ಷಣ ಗಾಳಿಯ ದಿಕ್ಕು ಋತುವಿಗನುಗುಣವಾಗಿ ತಿರುಗುವುದು. ಭೂಮಿ ಕಾದಂತೆ ವಾಯುಮಂಡಲದ ಅಧಿಕ ಒತ್ತಡದ ಪ್ರದೇಶ ಉತ್ತರಕ್ಕೆ ಸರಿಯುತ್ತದೆ. ಪಶ್ಚಿಮದಿಂದ ಬೀಸುತ್ತಿದ್ದ ಒಣಗಾಳಿ ನಿಂತು, ಮೆಕ್ಸಿಕೋದ ಕಡೆಯಿಂದ, ಕ್ಯಾಲಿಫೋರ್ನಿಯಾ ಕೊಲ್ಲಿಯ ತೇವವನ್ನು ಹೊತ್ತ ಗಾಳಿ ಒಳನುಗ್ಗುತ್ತದೆ. ನಮ್ಮ ನೈಋತ್ಯ ಮಾರುತದ ಮುಂದೆ ಇದು ಮಗುವಿನಂತೆ ಚಿಕ್ಕದು. ಆದರೆ ಅದೇ ಕುಲದ್ದು.

ಕಾಲವನ್ನರಿತ ಮೊದಲಿಗರು

ಈ ಕಣಿವೆಯಲ್ಲಿ ಮೊದಲು ದೊಡ್ಡ ಪ್ರಮಾಣದಲ್ಲಿ ಬೇಸಾಯ ಮಾಡಿದವರು ಇತಿಹಾಸಕಾರರು ಹೊಹೊಕಮ್ ಎಂದು ಹೆಸರಿಸುವ ಜನ. ಕ್ರಿಸ್ತಶಕದ ಮೊದಲ ಶತಮಾನಗಳಿಂದ ಸುಮಾರು 1450ರವರೆಗೆ ಅವರು ಇಲ್ಲಿ ಬಾಳಿದರು. ಲೋಹದ ಉಪಕರಣಗಳಿಲ್ಲದೆ, ಭಾರ ಹೊರುವ ಪ್ರಾಣಿಗಳ ನೆರವಿಲ್ಲದೆ, ಮರದ ಮತ್ತು ಕಲ್ಲಿನ ಸಾಧನಗಳಿಂದಲೇ ನೂರಾರು ಮೈಲಿ ಉದ್ದದ ಕಾಲುವೆಗಳನ್ನು ತೋಡಿ, ಮೆಕ್ಕೆಜೋಳ, ಹುರುಳಿಕಾಯಿ, ಕುಂಬಳ, ಹತ್ತಿಗಳನ್ನು ಬೆಳೆದರು. ಬೆಟ್ಟಗಳ ಮೇಲಿನ ಹಿಮ ಕರಗಿ ನದಿ ತುಂಬುವ ಕಾಲ, ಬೇಸಗೆಯ ಮಳೆಯಿಂದ ನದಿ ಮತ್ತೆ ಏರುವ ಕಾಲ, ಈ ಎರಡನ್ನೂ ಲೆಕ್ಕವಿಟ್ಟುಕೊಂಡ ಬೇಸಾಯ ಅದು. ಆ ಕಾಲುವೆಗಳ ಗುರುತುಗಳನ್ನು ಇಂದಿಗೂ ನಗರದ ವಿಮಾನನಿಲ್ದಾಣದ ಸಮೀಪದ ಪುರಾತತ್ತ್ವ ಸಂಗ್ರಹಾಲಯದ ಆವರಣದಲ್ಲಿ ಕಾಣಬಹುದು.

ಅವರನ್ನು ತಮ್ಮ ಪೂರ್ವಜರೆಂದು ಭಾವಿಸುವ ಓಡಮ್ ಜನಾಂಗದವರ ಹೊಸವರ್ಷ ಜನವರಿಯಲ್ಲಿ ಬರುವುದಿಲ್ಲ. ಬೇಸಗೆಯ ನಡುವೆ, ಸವಾರೊ ಎಂಬ ದೈತ್ಯ ಕಳ್ಳಿಯ ಹಣ್ಣು ಮಾಗುವಾಗ ಅವರ ವರ್ಷ ಆರಂಭವಾಗುತ್ತದೆ. ಆ ಕೆಂಪು ಹಣ್ಣನ್ನು ಉದ್ದನೆಯ ದೋಟಿಯಿಂದ ಕಿತ್ತು, ರಸವನ್ನು ಕುದಿಸಿ ಪಾಕ ಮಾಡಿ, ಅದನ್ನು ಹುಳಿಹಿಡಿಸಿ, ಟೊಹೊನೊ ಓಡಮ್ ಜನ ಮಳೆಯನ್ನು ಕರೆಯುವ ಆಚರಣೆ ನಡೆಸುತ್ತಾರೆ. ಮೆಕ್ಸಿಕೋ ಮೂಲದ ಕುಟುಂಬಗಳ ನಂಬಿಕೆಯಲ್ಲಿ ಮಳೆಗಾಲದ ಬಾಗಿಲು ತೆರೆಯುವುದು ಜೂನ್ 24ರ ಸಂತ ಯೋಹಾನನ ಹಬ್ಬದಂದು. ನಮ್ಮ ರೈತರ ಲೆಕ್ಕದಲ್ಲಿ ಸೂರ್ಯನು ಆರಿದ್ರಾ ನಕ್ಷತ್ರವನ್ನು ಪ್ರವೇಶಿಸುವುದು ಜೂನ್ 21-22ರ ಸುಮಾರಿಗೆ; ಆರಿದ್ರೆ ಸುರಿದರೆ ದಾರಿದ್ರ್ಯವಿಲ್ಲವೆಂಬುದು ಅವರ ನಂಬಿಕೆ. ಪರಸ್ಪರ ಹೆಸರನ್ನೂ ಕೇಳದ ಜನಸಮುದಾಯಗಳು, ಭೂಮಿಯ ಎರಡು ಬದಿಗಳಲ್ಲಿ, ಹೆಚ್ಚುಕಡಿಮೆ ಒಂದೇ ವಾರದಲ್ಲಿ ತಲೆಯೆತ್ತಿ ಮುಗಿಲನ್ನು ನೋಡುತ್ತಿದ್ದರು.

ಹಳೆಯ ಕಾಲುವೆ, ಹೊಸ ಊರು

1867ರಲ್ಲಿ ಜ್ಯಾಕ್ ಸ್ವಿಲ್ಲಿಂಗ್ ಎಂಬಾತ ಈ ಕಣಿವೆಯ ಹಳೆಯ ಕಾಲುವೆಗಳ ಜಾಡನ್ನು ಗುರುತಿಸಿ, ನೀರಾವರಿ ಕಂಪನಿಯೊಂದನ್ನು ಕಟ್ಟಿ, ಮತ್ತೆ ನೀರು ಹರಿಸುವ ಕೆಲಸಕ್ಕೆ ಕೈಹಾಕಿದನು. ಅಳಿದುಹೋದ ನಾಗರಿಕತೆಯೊಂದರ ಬೂದಿಯಿಂದ ಹೊಸ ಊರು ಏಳುತ್ತಿದೆಯೆಂಬ ಅರ್ಥದಲ್ಲಿ ಡ್ಯಾರೆಲ್ ಡುಪ್ಪಾ ಎಂಬ ಆಂಗ್ಲನು ಅದಕ್ಕೆ ಫೀನಿಕ್ಸ್ ಪಕ್ಷಿಯ ಹೆಸರನ್ನು ಸೂಚಿಸಿದನೆಂದು ಪ್ರತೀತಿ. 1870ರಲ್ಲಿ ಊರಿನ ನಿವೇಶನವನ್ನು ಆರಿಸಲಾಯಿತು. 1887ರಲ್ಲಿ ರೈಲು ಬಂದಿತು. 1889ರಲ್ಲಿ ಪ್ರಾಂತ್ಯದ ರಾಜಧಾನಿಯ ಪಟ್ಟ ದೊರೆಯಿತು.

ಹೊಸಬರಿಗೆ ನದಿಯ ಪಂಚಾಂಗ ಇನ್ನೂ ತಿಳಿದಿರಲಿಲ್ಲ. 1891ರ ಫೆಬ್ರವರಿಯ ಚಳಿಗಾಲದ ಮಳೆಗೆ ಸಾಲ್ಟ್ ನದಿ ಉಕ್ಕಿ ಹರಿದು, ರೈಲ್ವೆ ಸೇತುವೆಯನ್ನೇ ಕೊಚ್ಚಿಕೊಂಡು ಹೋಯಿತು. ಅದೇ ದಶಕದ ಕೊನೆಯಲ್ಲಿ ಭೀಕರ ಬರ ಬಂದು, ಹೊಲಗಳು ಒಣಗಿ, ಎಷ್ಟೋ ಕುಟುಂಬಗಳು ಊರು ಬಿಟ್ಟವು. ಈ ಎರಡು ಪೆಟ್ಟುಗಳ ಫಲವಾಗಿ ರೈತರು 1903ರಲ್ಲಿ ಒಂದುಗೂಡಿ, ತಮ್ಮ ಜಮೀನುಗಳನ್ನೇ ಆಧಾರವಾಗಿಟ್ಟು ಸರ್ಕಾರದ ಸಾಲ ಪಡೆದರು. ಥಿಯೊಡೋರ್ ರೂಸ್‌ವೆಲ್ಟ್ ಅವರ ಹೆಸರಿನ ಅಣೆಕಟ್ಟು ಎದ್ದುನಿಂತಿತು. 1911ರ ಮಾರ್ಚ್ 18ರಂದು ಸ್ವತಃ ರೂಸ್‌ವೆಲ್ಟ್ ಬಂದು ಅದನ್ನು ಲೋಕಾರ್ಪಣೆ ಮಾಡಿದರು. ಅಂದಿನಿಂದ ನೀರಿನ ಮಟ್ಟಿಗೆ ನಗರವು ಋತುಗಳ ಹಂಗಿನಿಂದ ಬಹುಮಟ್ಟಿಗೆ ಪಾರಾಯಿತು. ಆದರೆ ಬಿಸಿಲಿನ ಹಂಗು ಉಳಿದೇ ಇತ್ತು.

ಮಾರಾಟಕ್ಕಿಟ್ಟ ಚಳಿಗಾಲ

ಅರಿಜೋನಾದ ಶಾಲಾಮಕ್ಕಳು ತಮ್ಮ ರಾಜ್ಯದ ಐದು ‘ಸಿ’ಗಳನ್ನು ಬಾಯಿಪಾಠ ಮಾಡುತ್ತಾರೆ. ತಾಮ್ರ, ದನಕರು, ಹತ್ತಿ, ಕಿತ್ತಳೆ-ನಿಂಬೆ ಮತ್ತು ಹವಾಮಾನ, ಇವೈದೂ ಇಂಗ್ಲಿಷಿನಲ್ಲಿ ಆ ಅಕ್ಷರದಿಂದ ಆರಂಭವಾಗುವ ಸಂಪತ್ತುಗಳು. ನೆಲದಿಂದ ಅಗೆದು ತೆಗೆಯಬೇಕಿಲ್ಲದ, ಬಿತ್ತಿ ಬೆಳೆಯಬೇಕಿಲ್ಲದ ಈ ಐದನೆಯ ಸಂಪತ್ತಿಗೆ ಮೊದಲು ಗಿರಾಕಿಗಳಾದವರು ರೋಗಿಗಳು. ಕ್ಷಯರೋಗಕ್ಕೆ ಔಷಧಿಯಿಲ್ಲದ ಆ ಕಾಲದಲ್ಲಿ ವೈದ್ಯರು ಒಣಹವೆಯನ್ನೇ ಮದ್ದೆಂದು ಬರೆದುಕೊಡುತ್ತಿದ್ದರು. ಕ್ಷಯರೋಗಿಗಳ ಶುಶ್ರೂಷೆಗಾಗಿ ಕ್ರೈಸ್ತ ಸಂನ್ಯಾಸಿನಿಯರು 1895ರಲ್ಲಿ ಸೇಂಟ್ ಜೋಸೆಫ್ ಆಸ್ಪತ್ರೆಯನ್ನು ತೆರೆದರು. ಹಣವಿದ್ದವರಿಗೆ ಆರೋಗ್ಯಧಾಮ, ಇಲ್ಲದವರಿಗೆ ಊರಿನ ಉತ್ತರಕ್ಕಿದ್ದ ಸನ್ನಿಸ್ಲೋಪ್ ಬಯಲಿನ ಡೇರೆ. ಬಿಸಿಲನ್ನು ನಂಬಿ ಬಂದವರಲ್ಲಿ ಗುಣವಾದವರೂ ಇದ್ದರು, ಅಲ್ಲಿಯೇ ಮಣ್ಣಾದವರೂ ಇದ್ದರು.

ರೋಗಿಗಳ ಬೆನ್ನಿಗೆ ಬಂದವರು ವಿಲಾಸಿ ಪ್ರವಾಸಿಗರು. 1913ರಲ್ಲಿ ಚಾಂಡ್ಲರ್‌ನಲ್ಲಿ ಸ್ಯಾನ್ ಮಾರ್ಕೋಸ್ ಹೋಟೆಲ್, 1929ರಲ್ಲಿ ಅರಿಜೋನಾ ಬಿಲ್ಟ್‌ಮೋರ್ ಬಾಗಿಲು ತೆರೆದವು. ಚಿಕಾಗೋ, ನ್ಯೂಯಾರ್ಕ್‌ಗಳ ಧನಿಕರು ಹಿಮವನ್ನು ತಪ್ಪಿಸಿಕೊಂಡು ಇಲ್ಲಿಗೆ ಬಂದು, ಮೊದಲ ಸೆಖೆಗೆ ಮರಳಿ ಹೋಗುತ್ತಿದ್ದರು. ಬೇಸಗೆಯಲ್ಲಿ ಇಂಥ ಹೋಟೆಲುಗಳು ಬೀಗ ಹಾಕಿಕೊಳ್ಳುತ್ತಿದ್ದವು. ಸುಪ್ರಸಿದ್ಧ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 1937ರಲ್ಲಿ ಸ್ಕಾಟ್ಸ್‌ಡೇಲ್ ಬಳಿ ಟ್ಯಾಲಿಯೆಸಿನ್ ವೆಸ್ಟ್ ಕಟ್ಟಲಾರಂಭಿಸಿದ್ದೂ ಚಳಿಗಾಲದ ಮನೆಯಾಗಿಯೇ. ಮರುಭೂಮಿಯ ಕಲ್ಲುಗಳ ಗೋಡೆ, ಮೇಲೆ ಬಿಸಿಲನ್ನು ಸೋಸುವ ಕ್ಯಾನ್ವಾಸಿನ ಮಾಡು. ಬೇಸಗೆ ಬಂದೊಡನೆ ಗುರುಶಿಷ್ಯರೆಲ್ಲರೂ ಗಂಟುಮೂಟೆ ಕಟ್ಟಿ ವಿಸ್ಕಾನ್ಸಿನ್ನಿಗೆ ಹೊರಡುತ್ತಿದ್ದರು. ಆ ಕಟ್ಟಡ 2019ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. 1947ರಿಂದ ಬೇಸ್‌ಬಾಲ್ ತಂಡಗಳೂ ವಸಂತಕಾಲದ ಅಭ್ಯಾಸಕ್ಕೆ ಇತ್ತ ಬರತೊಡಗಿದವು. ಇಂದಿಗೂ ಚಳಿಗಾಲವನ್ನು ಇಲ್ಲಿ ಕಳೆದು ವಸಂತ ಮುಗಿಯುತ್ತಲೇ ಉತ್ತರಕ್ಕೆ ಮರಳುವ ಹಿರಿಯರನ್ನು ಸ್ಥಳೀಯರು ‘ಹಿಮದ ಹಕ್ಕಿಗಳು’ ಎಂದು ಪ್ರೀತಿಯಿಂದ ಹಾಸ್ಯ ಮಾಡುತ್ತಾರೆ.

ಬೇಸಗೆಯನ್ನು ಮರೆಯಿಸಿದ ಯಂತ್ರ

ಹೋಗಲು ಬೇರೆ ಊರಿಲ್ಲದವರು ಬೇಸಗೆಯನ್ನು ಹೇಗೆ ಕಳೆಯುತ್ತಿದ್ದರು? ಉಳ್ಳವರು ಹೆಂಡತಿ ಮಕ್ಕಳನ್ನು ಪ್ರೆಸ್ಕಾಟ್‌ನ ಬೆಟ್ಟಗಳಿಗೋ ಕ್ಯಾಲಿಫೋರ್ನಿಯಾದ ಕಡಲತೀರಕ್ಕೋ ಕಳುಹಿಸುತ್ತಿದ್ದರು. ಉಳಿದವರು ಜಾಲರಿ ಕಟ್ಟಿದ ಜಗುಲಿಯಲ್ಲಿ ಒದ್ದೆ ಬಟ್ಟೆ ಹೊದ್ದು ಮಲಗುತ್ತಿದ್ದರು. ಕುಡಿಯುವ ನೀರನ್ನು ಮಣ್ಣಿನ ಹೂಜಿಯಲ್ಲಿ ತುಂಬಿ ನೆರಳಿನಲ್ಲಿ ತೂಗುಹಾಕುತ್ತಿದ್ದರು. 1930ರ ದಶಕದಲ್ಲಿ ಇದೇ ತತ್ತ್ವ ಯಂತ್ರದ ರೂಪ ತಾಳಿತು. ನೀರು ಜಿನುಗುವ ಮರದ ನಾರಿನ ಮೂಲಕ ಫ್ಯಾನಿನಿಂದ ಗಾಳಿಯನ್ನು ಒಳಗೆಳೆಯುವ ಕೂಲರ್‌ಗಳು ಮನೆಮನೆಯ ಕಿಟಕಿಗಳಲ್ಲಿ ಕಾಣಿಸಿಕೊಂಡವು. ನಮ್ಮ ಹಿರಿಯರು ಬಾಗಿಲಿಗೆ ಕಟ್ಟುತ್ತಿದ್ದ ಲಾವಂಚದ ತಡಿಕೆ ಮಾಡುತ್ತಿದ್ದುದೂ ಇದನ್ನೇ. ಗಾಳಿ ಒಣಗಿರುವಾಗ ಮಾತ್ರ ಈ ಉಪಾಯ ಫಲಿಸುತ್ತದೆ. ಮಳೆಬೇಸಗೆಯ ತೇವ ಬಂದೊಡನೆ ಕೂಲರ್ ಸೋಲುತ್ತದೆ.

ಎರಡನೆಯ ಮಹಾಯುದ್ಧದ ನಂತರ ಏರ್ ಕಂಡೀಷನರ್ ಬಂದು ಆ ಸೋಲನ್ನೂ ಅಳಿಸಿತು. ವರ್ಷವೆಲ್ಲ ತಿಳಿಯಾದ ಬಾನಿನಿಂದಾಗಿ ಯುದ್ಧಕಾಲದಲ್ಲಿ ವಿಮಾನಚಾಲಕರ ತರಬೇತಿ ಕೇಂದ್ರಗಳು ಇಲ್ಲಿ ನೆಲೆಯೂರಿದ್ದವು. 1949ರಲ್ಲಿ ಮೊಟೊರೋಲಾ, 1980ರಲ್ಲಿ ಚಾಂಡ್ಲರ್‌ಗೆ ಇಂಟೆಲ್ ಬಂದವು. ಇಂಥ ಉದ್ಯಮಗಳನ್ನು ಅನುಸರಿಸಿಯೇ ಭಾರತೀಯ ಎಂಜಿನಿಯರುಗಳು, ಅವರಲ್ಲಿ ಕನ್ನಡಿಗರೂ, ಈ ಕಣಿವೆಯಲ್ಲಿ ಮನೆ ಮಾಡಿದರು. 1950ರಲ್ಲಿ 1,06,818 ಇದ್ದ ಫೀನಿಕ್ಸಿನ ಜನಸಂಖ್ಯೆ 2020ರಲ್ಲಿ 16,08,139 ಆಯಿತು.

ಆದರೂ ಬೇಸಗೆ ತನ್ನ ಗುರುತನ್ನು ಗಡಿಯಾರದ ಮೇಲೆ ಉಳಿಸಿದೆ. ಅಮೆರಿಕದ ಹೆಚ್ಚಿನ ರಾಜ್ಯಗಳು ಬೇಸಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತವೆ. ಅರಿಜೋನಾ 1967ರಲ್ಲಿ ಅದನ್ನು ಅನುಭವಿಸಿ ನೋಡಿ, ಸಂಜೆಯ ಬಿಸಿಲು ಇನ್ನೂ ಒಂದು ಗಂಟೆ ಬೇಡವೆಂದು 1968ರಲ್ಲಿ ಕೈಬಿಟ್ಟಿತು. ಈಶಾನ್ಯದ ನವಾಹೊ ಪ್ರದೇಶ ಮಾತ್ರ ಇದಕ್ಕೆ ಹೊರತು, ಪ್ರವಾಸಿಗರು ನೆನಪಿಡಬೇಕು. ಭಾರತವೂ ಗಡಿಯಾರವನ್ನು ತಿರುಗಿಸದ ಕಾರಣ ಫೀನಿಕ್ಸಿಗೂ ಬೆಂಗಳೂರಿಗೂ ನಡುವಣ ಅಂತರ ವರ್ಷಪೂರ್ತಿ ಹನ್ನೆರಡೂವರೆ ಗಂಟೆ. ಊರಿಗೆ ಫೋನು ಮಾಡುವ ಹೊತ್ತು ಅಲ್ಲಿಯ ಕನ್ನಡಿಗರಿಗೆ ಎಂದೂ ಬದಲಾಗುವುದಿಲ್ಲ.

ಮರೆತ ಪಂಚಾಂಗದ ಬೆಲೆ

ಯಂತ್ರದ ತಂಪಿನಲ್ಲಿ ಕುಳಿತವರಿಗೆ ಹೊರಗಿನ ಕಾಲ ಮರೆತುಹೋಗುವುದು ಸಹಜ. ಆದರೆ ಮರುಭೂಮಿ ಮರೆಯುವುದಿಲ್ಲ. 1990ರ ಜೂನ್ 26ರಂದು ಫೀನಿಕ್ಸಿನ ಉಷ್ಣತೆ 122 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 50 ಸೆಲ್ಸಿಯಸ್ ಮುಟ್ಟಿತು. ಕಾದ ಗಾಳಿ ತೆಳುವಾದಷ್ಟೂ ವಿಮಾನಕ್ಕೆ ಮೇಲೇರುವುದು ಕಷ್ಟ. ಅಂದು ವಿಮಾನಗಳ ಲೆಕ್ಕಪಟ್ಟಿಗಳು 120 ಡಿಗ್ರಿಗೇ ಮುಗಿದಿದ್ದುದರಿಂದ ಹಾರಾಟವನ್ನು ಕೆಲಕಾಲ ನಿಲ್ಲಿಸಬೇಕಾಯಿತು. 2011ರ ಜುಲೈ 5ರಂದು ಸುಮಾರು ಒಂದು ಮೈಲಿ ಎತ್ತರದ ಧೂಳಿನ ಗೋಡೆ ನಗರವನ್ನು ನುಂಗಿತು. ಗುಡುಗುಮಳೆಯ ಮೋಡ ಕುಸಿದಾಗ ಕೆಳಗೆ ಅಪ್ಪಳಿಸುವ ಗಾಳಿ ಎಬ್ಬಿಸುವ ಇಂಥ ಧೂಳಿನ ಬಿರುಗಾಳಿಗೆ ‘ಹಬೂಬ್’ ಎಂದು ಅರಬ್ಬೀ ಹೆಸರು. 2014ರ ಸೆಪ್ಟೆಂಬರ್ 8ರಂದು ಒಂದೇ ದಿನದಲ್ಲಿ ಮೂರು ಅಂಗುಲಕ್ಕೂ ಮಿಗಿಲಾಗಿ ಮಳೆ ಸುರಿದು ಹೆದ್ದಾರಿಗಳು ಹೊಳೆಗಳಾದವು.

ಇವೆಲ್ಲ ಒಂದು ದಿನದ ಉತ್ಪಾತಗಳು. 2023ರ ಬೇಸಗೆಯಾದರೋ ಬೇರೆಯೇ ಬಗೆಯದು. ಜೂನ್ ಕೊನೆಯಿಂದ ಜುಲೈ ಕೊನೆಯವರೆಗೆ ಎಡೆಬಿಡದೆ 31 ದಿನ ಉಷ್ಣತೆ 110 ಡಿಗ್ರಿಯನ್ನು ಮುಟ್ಟಿತು ಅಥವಾ ಮೀರಿತು. ಜುಲೈ 19ರಂದು ಬೆಳಗಿನ ಜಾವದ ಕನಿಷ್ಠ ಉಷ್ಣತೆಯೇ 97 ಡಿಗ್ರಿ, ಎಂದರೆ 36 ಸೆಲ್ಸಿಯಸ್! ಹಗಲೆಲ್ಲ ಬಿಸಿಲುಂಡ ಕಾಂಕ್ರೀಟು ಮತ್ತು ಡಾಂಬರು ರಾತ್ರಿಯೆಲ್ಲ ಅದನ್ನು ಉಗುಳುತ್ತವೆ. ಹೊಲಗಳ ಮೇಲೆ ಹರಡಿದ ನಗರ ಹಳೆಯ ತಂಪು ರಾತ್ರಿಗಳನ್ನೂ ಕಳೆದುಕೊಂಡಿದೆ. ಫೀನಿಕ್ಸನ್ನು ಒಳಗೊಂಡ ಮಾರಿಕೋಪಾ ಕೌಂಟಿಯಲ್ಲಿ ಆ ವರ್ಷ ಶಾಖಕ್ಕೆ ಸಂಬಂಧಿಸಿದ ಸಾವುಗಳು 645. ಮರುವರ್ಷ 608. ಸತ್ತವರಲ್ಲಿ ಬಹಳ ಮಂದಿ ಮನೆಯಿಲ್ಲದವರು. ಮನೆಯೊಳಗೆ ಸತ್ತವರಲ್ಲಿ ಹೆಚ್ಚಿನವರ ಮನೆಗಳಲ್ಲಿ ತಂಪಿನ ಯಂತ್ರ ಕೆಟ್ಟಿತ್ತು ಅಥವಾ ಇರಲೇ ಇಲ್ಲ. ಈ ಸಂಖ್ಯೆಗಳ ಹಿಂದೆ ಇರುವುದು ಒಂದು ಸತ್ಯ: ಯಂತ್ರವು ಬೇಸಗೆಯನ್ನು ಗೆದ್ದಿಲ್ಲ, ಬಾಗಿಲಿನ ಹೊರಗೆ ನಿಲ್ಲಿಸಿದೆ, ಅಷ್ಟೆ.

ಹೋಗುವವರಿಗೆ ನಾಲ್ಕು ಮಾತು

ಈ ಇತಿಹಾಸದಿಂದ ಪ್ರವಾಸಿಗರು ಕಲಿಯಬೇಕಾದ ಪಾಠ ಸರಳವಾದುದು. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ನವೆಂಬರ್‌ನಿಂದ ಏಪ್ರಿಲ್‌ವರೆಗಿನ ಕಾಲವನ್ನು ಆರಿಸಿರಿ. ಮಾರ್ಚ್‌ನಲ್ಲಿ ಕಿತ್ತಳೆಯ ಹೂವಿನ ಕಂಪು, ಏಪ್ರಿಲ್‌ನಲ್ಲಿ ಹಳದಿ ಹೂಗಳಿಂದ ತುಂಬುವ ಪಾಲೊವರ್ಡೆ ಮರಗಳು. ಚಳಿಗಾಲದ ಮಳೆ ಚೆನ್ನಾಗಿ ಆಗಿದ್ದರೆ ಬೆಟ್ಟದ ತಪ್ಪಲೆಲ್ಲ ಕಾಡುಹೂಗಳ ಹಾಸು. ಆದರೆ ಫೀನಿಕ್ಸಿನ ಬೆಚ್ಚನೆಯ ಜನವರಿಯನ್ನು ನಂಬಿ ತೆಳು ಅಂಗಿಯಲ್ಲಿ ಗ್ರ್ಯಾಂಡ್ ಕ್ಯಾನಿಯನ್ನಿಗೆ ಹೊರಡಬೇಡಿರಿ. ಅದರ ದಕ್ಷಿಣದ ಅಂಚು ಸುಮಾರು 7000 ಅಡಿ ಎತ್ತರದಲ್ಲಿದೆ. ಆಗ ಅಲ್ಲಿ ಹಿಮವಿರುತ್ತದೆ.

ರಜೆಯ ಕಾರಣದಿಂದ ಬೇಸಗೆಯಲ್ಲಿಯೇ ಹೋಗಬೇಕಾದವರು ಸೂರ್ಯೋದಯವನ್ನೇ ತಮ್ಮ ದಿನದ ನಡುಹಗಲೆಂದು ತಿಳಿಯಬೇಕು. ನಡೆದಾಟವನ್ನು ಬೆಳಗಿನ ಎಂಟು ಗಂಟೆಯೊಳಗೆ ಮುಗಿಸಿ, ಹಗಲನ್ನು ವಸ್ತುಸಂಗ್ರಹಾಲಯಗಳಲ್ಲಿ ಕಳೆಯಿರಿ; ಇಲ್ಲವೇ ಫ್ಲಾಗ್‌ಸ್ಟಾಫ್‌ನಂಥ ಎತ್ತರದ ಊರಿಗೆ ಹತ್ತಿರಿ. 2021ರಿಂದ ನಗರಾಡಳಿತವು ತೀವ್ರ ಶಾಖದ ದಿನಗಳಲ್ಲಿ ಕ್ಯಾಮಲ್‌ಬ್ಯಾಕ್ ಬೆಟ್ಟದ ಹಾದಿಯನ್ನು ಹಗಲು ಹೊತ್ತು ಮುಚ್ಚುವ ಕ್ರಮವನ್ನು ತಂದಿದೆ. ಡಾಂಬರಿನ ರಸ್ತೆ ಬರಿಗಾಲನ್ನು ಕ್ಷಣಮಾತ್ರದಲ್ಲಿ ಸುಡುವಷ್ಟು ಕಾಯುತ್ತದೆ. ಮಕ್ಕಳನ್ನು ಒಂದು ನಿಮಿಷವೂ ಕಾರಿನಲ್ಲಿ ಬಿಡಕೂಡದು. ಧೂಳಿನ ಗೋಡೆ ಎದುರಾದರೆ ರಸ್ತೆಯಿಂದ ಪೂರ್ತಿ ಪಕ್ಕಕ್ಕೆ ಸರಿದು, ದೀಪಗಳನ್ನು ಆರಿಸಿ, ಬ್ರೇಕಿನಿಂದ ಕಾಲು ತೆಗೆದು ಕಾಯಬೇಕು. ದೀಪ ಉರಿಯುತ್ತಿದ್ದರೆ ಹಿಂದಿನ ವಾಹನ ಅದನ್ನೇ ದಾರಿಯೆಂದು ಭ್ರಮಿಸಿ ಬಂದು ಗುದ್ದುತ್ತದೆ. ನೀರು ಹರಿಯುವ ತಗ್ಗಿಗೆ ಕಾರು ಇಳಿಸಬಾರದು. ಅಡ್ಡಗಟ್ಟೆಯನ್ನು ದಾಟಿ ನೀರಿಗಿಳಿದವನಿಂದಲೇ ರಕ್ಷಣೆಯ ಖರ್ಚನ್ನು ವಸೂಲು ಮಾಡುವ ಕಾನೂನು ಅಲ್ಲಿ 1995ರಿಂದಲೇ ಇದೆ.

ಊರಿನಿಂದ ಬಂದ ಹಿರಿಯರ ವಿಷಯದಲ್ಲಿ ಇನ್ನೂ ಒಂದು ಎಚ್ಚರ ಅಗತ್ಯ. “ರಾಯಚೂರು, ಕಲಬುರ್ಗಿಗಳ ಬಿಸಿಲು ಕಂಡವರಿಗೆ ಇದೇನು ಮಹಾ?” ಎಂದು ಅವರು ನಗುವುದುಂಟು. ಆದರೆ ಜೂನ್ ತಿಂಗಳ ಫೀನಿಕ್ಸಿನ ಗಾಳಿ ಎಷ್ಟು ಒಣಗಿರುತ್ತದೆಂದರೆ ಬೆವರು ಕಾಣುವ ಮುನ್ನವೇ ಆವಿಯಾಗುತ್ತದೆ. ದೇಹದ ನೀರು ಬತ್ತುತ್ತಿರುವುದು ತಿಳಿಯುವುದೇ ಇಲ್ಲ. ಬಾಯಾರಿಕೆಗೆ ಕಾಯದೆ ಅವರಿಗೆ ಆಗಾಗ ನೀರನ್ನೋ ಉಪ್ಪು ಬೆರೆಸಿದ ಮಜ್ಜಿಗೆಯನ್ನೋ ಕುಡಿಸುತ್ತಿರಬೇಕು. ಸಂಜೆಯ ವಾಯುವಿಹಾರದ ರೂಢಿಯನ್ನು ಮುಂಜಾವಿಗೆ ಬದಲಾಯಿಸಬೇಕು. ಒಂಟಿಯಾಗಿ ಬಿಟ್ಟು ಕೆಲಸಕ್ಕೆ ಹೋಗುವವರು ಏರ್ ಕಂಡೀಷನರ್ ಕೆಟ್ಟರೆ ಯಾರಿಗೆ ಫೋನು ಮಾಡಬೇಕೆಂಬುದನ್ನು ಬರೆದಿಟ್ಟು ಹೋಗಬೇಕು.

ಕಾಲಕ್ಕೆ ತಕ್ಕ ಕೋಲ ಎಂಬುದು ನಮ್ಮ ಹಿರಿಯರ ಮಾತು. ಕಾಲುವೆ ತೋಡಿದ ಹೊಹೊಕಮ್ ಜನರೂ, ಕಳ್ಳಿಯ ಹಣ್ಣಿನಿಂದ ವರ್ಷವನ್ನಾರಂಭಿಸುವ ಓಡಮ್ ಜನರೂ ಅದನ್ನು ತಮ್ಮದೇ ರೀತಿಯಲ್ಲಿ ಬಲ್ಲವರಾಗಿದ್ದರು. ಹೊರದೇಶದಲ್ಲಿದ್ದರೂ ಗೋಡೆಗೆ ಕನ್ನಡದ ಪಂಚಾಂಗವನ್ನು ತೂಗುಹಾಕಿ, ಯುಗಾದಿ, ಸಂಕ್ರಾಂತಿಗಳನ್ನು ತಪ್ಪದೆ ಗುರುತಿಸುವ ನಾವು, ಕಾಲಿಡುವ ನೆಲದ ಪಂಚಾಂಗವನ್ನೂ ಒಮ್ಮೆ ತೆರೆದು ನೋಡುವುದು ಉಚಿತ. ಸಮ್ಮೇಳನ ಮುಗಿಸಿ ಪ್ರವಾಸದ ಯೋಜನೆ ಹಾಕುವ ಬಂಧುಗಳೆಲ್ಲರಿಗೂ ಪ್ರಯಾಣ ಸುಖಕರವಾಗಲಿ. ಜೊತೆಗೆ ಬಂದ ಹಿರಿಯರು ಕ್ಷೇಮವಾಗಿ ಮನೆಗೆ ಮರಳಲಿ.